ಒಂದು ರಾತ್ರಿಯ ಚಳಿ, ಇಪ್ಪತ್ತು ವರ್ಷದ ಮರ

2021ರ ಮಾರ್ಚ್ ಕೊನೆಯ ದಿನಗಳಲ್ಲಿ ಫ್ರಾನ್ಸಿಗೆ ಬೇಸಿಗೆಯೇ ಕಾಲಿಟ್ಟಂತಿತ್ತು. ಹಲವು ಊರುಗಳಲ್ಲಿ ಹಗಲಿನ ತಾಪಮಾನ 25 ಡಿಗ್ರಿ ದಾಟಿತು. ರೋನ್ ಕಣಿವೆಯ ಏಪ್ರಿಕಾಟ್ ಮರಗಳು ಅಷ್ಟರಲ್ಲಾಗಲೇ ಹೂ ಮುಗಿಸಿ ಮಿಡಿಗಟ್ಟತೊಡಗಿದ್ದವು. ವಾರ ಕಳೆಯುವುದರೊಳಗೆ ಧ್ರುವದ ಕಡೆಯಿಂದ ಶೀತಗಾಳಿ ಇಳಿಯಿತು. ಏಪ್ರಿಲ್ 7ರ ರಾತ್ರಿ ಕಳೆದು 8ರ ಬೆಳಗು ಹರಿಯುವ ಹೊತ್ತಿಗೆ ಕೆಲವೆಡೆ ತಾಪಮಾನ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗಿತ್ತು. ಆ ವರ್ಷ ದೇಶದ ಏಪ್ರಿಕಾಟ್ ಫಸಲು ವಾಡಿಕೆಯ ಅರ್ಧದ ಆಸುಪಾಸಿಗೆ ಕುಸಿಯಿತು. ಇದು ಈ ಶತಮಾನದ ಆರಂಭದ ಅತಿ ದೊಡ್ಡ ಕೃಷಿ ದುರಂತವಿರಬಹುದೆಂದು ಆಗಿನ ಕೃಷಿ ಸಚಿವ ಜೂಲಿಯಾಂ ದನೋರ್ಮಾಂದಿ ಹೇಳಿದರು. ಪ್ರಧಾನಿ ಜಾಂ ಕಾಸ್ತೆಕ್ಸ್ ನೂರು ಕೋಟಿ ಯೂರೋಗಳ ನೆರವು ಘೋಷಿಸಿದರು.

ಹಣ ಬಂದರೂ ವಾದ ಮುಗಿಯಲಿಲ್ಲ. ಬೇಗ ಹೂ ಬಿಡುವ ಮರಗಳನ್ನು ತಡವಾಗಿ ಬೀಳುವ ಹೆಪ್ಪುಮಂಜಿನಿಂದ ಉಳಿಸಲು ಬೆಳೆಗಾರ ರಾತ್ರಿಯಿಡೀ ಬೆಂಕಿ, ಗಾಳಿ, ನೀರು ಹಿಡಿದು ನಿಲ್ಲಬೇಕೆ? ಅಥವಾ ಆ ಹಣವನ್ನು ತಳಿ ಬದಲಿಸಲು, ಜಾಗ ಬದಲಿಸಲು, ವಿಮೆ ಕಟ್ಟಲು ತೊಡಗಿಸಿ, ಕೆಲವು ವರ್ಷಗಳ ನಷ್ಟವನ್ನು ಕಸುಬಿನ ಪಾಲೆಂದು ಒಪ್ಪಿಕೊಳ್ಳಬೇಕೆ? ಎರಡೂ ಕಡೆ ಇರುವವರು ತೋಟ ಬಲ್ಲವರೇ. ಯಾರ ಮಾತೂ ಬರೀ ಹಟದ ಮಾತಲ್ಲ. ಹಾಗಾಗಿ ಎರಡನ್ನೂ ಅವುಗಳ ಗಟ್ಟಿ ನೆಲೆಯಲ್ಲಿಯೇ ತೂಗಿ ನೋಡಬೇಕಾಗುತ್ತದೆ.

ಮೊದಲು ಹಾನಿಯ ಬಗೆ. ಹೆಪ್ಪುಮಂಜು ಬಿದ್ದ ಮರುದಿನ ತೋಟ ಹೊಕ್ಕವರಿಗೆ ಏನೂ ಆಗಿಲ್ಲವೆಂದೇ ಅನ್ನಿಸಬಹುದು. ಹೂವಿನ ಎಸಳು ಬೆಳ್ಳಗೆ ಹಾಗೆಯೇ ಇರುತ್ತದೆ. ಬೆಳೆಗಾರ ಒಂದು ಹೂ ಕಿತ್ತು, ಬ್ಲೇಡಿನಿಂದ ಬುಡದಲ್ಲಿ ಸೀಳುತ್ತಾನೆ. ಜೀವವಿರುವ ಅಂಡಾಶಯದ ಒಳಗು ತಿಳಿಹಸಿರು. ಸತ್ತದ್ದಾದರೆ ಕಂದು, ಇನ್ನಷ್ಟು ಹೊತ್ತು ಕಳೆದರೆ ಕಪ್ಪು. ಬೇರೆಬೇರೆ ಸಾಲುಗಳಿಂದ, ಮೇಲಿನ ಕೊಂಬೆ ಕೆಳಗಿನ ಕೊಂಬೆಗಳಿಂದ ನೂರು ಹೂ ಸೀಳಿ ಎಣಿಸಿದರೆ ಸತ್ತವು ಶೇಕಡಾ ಎಷ್ಟೆಂಬ ಲೆಕ್ಕ ಸಿಗುತ್ತದೆ. ಕೆಳಗಿನ ಕೊಂಬೆಯಲ್ಲಿ ಸತ್ತವು ಹೆಚ್ಚಿರುವುದು ಸಾಮಾನ್ಯ, ಏಕೆಂದರೆ ಶಾಂತ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿಯೇ ಹೆಚ್ಚು ತಣ್ಣಗಿರುತ್ತದೆ.

ಎಷ್ಟು ಚಳಿಗೆ ಎಷ್ಟು ಹೂ ಸಾಯುತ್ತದೆ ಎಂಬುದಕ್ಕೆ ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದವರು ಸಿದ್ಧಪಡಿಸಿದ ಕೋಷ್ಟಕಗಳನ್ನು ಜಗತ್ತಿನ ಎಷ್ಟೋ ಕಡೆ ಬೆಳೆಗಾರರು ಇಂದಿಗೂ ನೋಡುತ್ತಾರೆ. ಪೂರ್ತಿ ಅರಳಿದ ಏಪ್ರಿಕಾಟ್ ಹೂಗಳು ಅರ್ಧ ಗಂಟೆ ಸುಮಾರು ಮೈನಸ್ 2.8 ಡಿಗ್ರಿಯಲ್ಲಿದ್ದರೆ ನೂರಕ್ಕೆ ಹತ್ತು ಸಾಯುತ್ತವೆ, ಮೈನಸ್ 5.6ರಲ್ಲಿ ತೊಂಬತ್ತು. ಮಿಡಿಗಟ್ಟಿದ ಮೇಲೆ ಮರ ಇನ್ನೂ ನಾಜೂಕು: ಹತ್ತರ ಗೆರೆ ಮೈನಸ್ 2.2ಕ್ಕೆ, ತೊಂಬತ್ತರ ಗೆರೆ ಮೈನಸ್ 3.9ಕ್ಕೆ ಏರುತ್ತದೆ. ಈ ಹಂತದಲ್ಲಿ ಹತ್ತಕ್ಕೂ ತೊಂಬತ್ತಕ್ಕೂ ನಡುವೆ ಇರುವುದು ಎರಡು ಡಿಗ್ರಿಗಿಂತ ಕಡಿಮೆ ಅಂತರ.

ಕಾಯಬೇಕೆನ್ನುವವರ ಮೊದಲ ಬಲ ಈ ಸಣ್ಣ ಅಂತರದಲ್ಲೇ ಇದೆ. ಇಡೀ ತೋಟವನ್ನು ಬೆಚ್ಚಗೆ ಮಾಡಬೇಕಿಲ್ಲ. ಬೆಳಗಿನ ಜಾವದ ಮೂರ್ನಾಲ್ಕು ಗಂಟೆ ಎರಡು ಡಿಗ್ರಿ ಎತ್ತಿ ಹಿಡಿದರೆ ಫಸಲು ಉಳಿದೀತು. ವರ್ಷವಿಡೀ ಸವರಿ, ಗೊಬ್ಬರ ಹಾಕಿ, ಕೂಲಿ ಕೊಟ್ಟು ಸಾಕಿದ ಮರದ ಆದಾಯವೆಲ್ಲ ಒಂದು ರಾತ್ರಿಯ ಎರಡು ಡಿಗ್ರಿಯ ಮೇಲೆ ನಿಂತಿರುವಾಗ ಕೈಕಟ್ಟಿ ಕುಳಿತುಕೊಳ್ಳಿ ಎನ್ನುವುದು ತೋಟಕ್ಕೆ ಹೊರಗಿನವರು ಮಾತ್ರ ಆಡಬಲ್ಲ ಮಾತು ಎಂಬುದು ಅವರ ಆಕ್ಷೇಪ. ನಷ್ಟ ಬೆಳೆಗಾರನೊಬ್ಬನದೂ ಅಲ್ಲ. ಹಣ್ಣು ಕೀಳುವ ಹಂಗಾಮಿ ಕೂಲಿಗಳು, ವಿಂಗಡಿಸಿ ಪೆಟ್ಟಿಗೆ ತುಂಬುವ ಸಹಕಾರ ಸಂಘ, ಲಾರಿಯವರು, ಎಲ್ಲರ ಬೇಸಿಗೆಯೂ ಆ ಹೂವಿನ ಮೇಲೆಯೇ ಇರುತ್ತದೆ. ಒಂದು ವರ್ಷ ಸರಕು ಕೊಡದವನ ಜಾಗವನ್ನು ಸ್ಪೇನಿನವರೋ ಇಟಲಿಯವರೋ ತುಂಬುತ್ತಾರೆ. ಮರುವರ್ಷ ಆ ಜಾಗ ಅವನಿಗಾಗಿ ಕಾದು ಕುಳಿತಿರುವುದಿಲ್ಲ.

ಬಲವಾದ ವಾದವೇ. ಆದರೆ ಆ ಎರಡು ಡಿಗ್ರಿಯ ಬೆಲೆಯನ್ನೂ ಕೇಳಬೇಕಲ್ಲವೆ? ಫ್ರಾನ್ಸಿನ ತೋಟಗಳ ಫೋಟೋಗಳಲ್ಲಿ ಸಾಲುಸಾಲಾಗಿ ಉರಿಯುವ ದೀಪಗಳು ನೋಡಲು ಚಂದ. ಅವು ಪ್ಯಾರಾಫಿನ್ ತುಂಬಿದ ತಗಡಿನ ಡಬ್ಬಿಗಳು, ಒಂದೊಂದರಲ್ಲಿ ಐದಾರು ಕಿಲೋ ಮೇಣ. ಚಳಿ ಎಷ್ಟೆಂಬುದನ್ನು ನೋಡಿಕೊಂಡು ಹೆಕ್ಟೇರಿಗೆ 300ರಿಂದ 500ರವರೆಗೆ ಇಡುತ್ತಾರೆ. ಡಬ್ಬಿಗೆ ಎಂಟೊಂಬತ್ತು ಯೂರೋ ಎಂದಿಟ್ಟುಕೊಂಡರೂ ಹೆಕ್ಟೇರಿಗೆ ಮೂರು ಸಾವಿರ ಯೂರೋ ಆಚೀಚೆ ಖರ್ಚು, ಅದೂ ಒಂದೋ ಎರಡೋ ರಾತ್ರಿಗೆ. ಪ್ಯಾರಾಫಿನ್ ಪೆಟ್ರೋಲಿಯಂನದೇ ಉತ್ಪನ್ನ. 400 ಡಬ್ಬಿ ಪೂರ್ತಿ ಉರಿದರೆ ಎರಡೂಕಾಲು ಟನ್ ಮೇಣ ಸುಟ್ಟಂತೆ, ಸುಮಾರು ಏಳು ಟನ್ ಇಂಗಾಲದ ಡೈಆಕ್ಸೈಡ್ ಹೊರಬಿಟ್ಟಂತೆ. ದೀಪ ಸಾಲದವರು ಒದ್ದೆ ಹುಲ್ಲಿನ ಪಿಂಡಿಗಳಿಗೂ ಬೆಂಕಿ ಹಾಕಿದರು. 2021ರ ಆ ಏಪ್ರಿಲ್‌ನಲ್ಲಿ ತೋಟಗಳ ಹೊಗೆ ಲಿಯೋಂ ನಗರದ ಮೇಲೆ ದಟ್ಟವಾಗಿ ಕವಿದು, ಹಣ್ಣು ಬೆಳೆಯದವರೂ ಅದನ್ನು ಉಸಿರಾಡಬೇಕಾಯಿತು.

ಹೊಗೆಯ ವಿಷಯದಲ್ಲಿ ಒಂದು ಮಾತನ್ನು ಎರಡೂ ಕಡೆಯವರು ಒಪ್ಪಬೇಕು. ಹೊಗೆ ಕಂಬಳಿಯಂತೆ ತೋಟವನ್ನು ಮುಚ್ಚಿ ಬೆಚ್ಚಗಿಡುತ್ತದೆ ಎಂಬ ನಂಬಿಕೆ ಹಳೆಯದು. ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳಲ್ಲಿ ದಶಕಗಳ ಕಾಲ ಎಣ್ಣೆಯ ಕುಂಡಗಳನ್ನು ಉರಿಸಿದ್ದರಲ್ಲಿ ಆ ನಂಬಿಕೆಯ ಪಾಲೂ ಇತ್ತು. ಆದರೆ ರಾತ್ರಿ ನೆಲದಿಂದ ಆಕಾಶಕ್ಕೆ ಹೊರಡುವ ಉಷ್ಣವಿಕಿರಣವನ್ನು ತಡೆಯಲು ಹೊಗೆಯ ಕಣಗಳು ತೀರಾ ಸಣ್ಣವು. ಕೆಲಸ ಮಾಡುವುದು ಶಾಖ, ಹೊಗೆಯಲ್ಲ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2005ರಲ್ಲಿ ಹೊರತಂದ ಹೆಪ್ಪುಮಂಜಿನ ಕೈಪಿಡಿಯೂ ಇದನ್ನೇ ಹೇಳುತ್ತದೆ. ಹೀಗಿರುವಾಗ ಒದ್ದೆ ಹುಲ್ಲು ಸುಡುವುದನ್ನು ಸಮರ್ಥಿಸುವುದು ಕಷ್ಟ. ಸೂರ್ಯ ಹುಟ್ಟಿದ ಮೇಲೆ ಹೂವಿಗೆ ಒಮ್ಮೆಗೇ ಬಿಸಿಲು ತಾಕದಂತೆ ಹೊಗೆ ನೆರಳು ಕೊಡುತ್ತದೆ ಎಂದು ಕೆಲವರು ಹೇಳುತ್ತಾರಾದರೂ, ಲಕ್ಷಾಂತರ ಜನ ಹೊಗೆ ಕುಡಿಯುವುದಕ್ಕೆ ಅಷ್ಟು ಸಮಜಾಯಿಷಿ ಸಾಲದು.

ರಕ್ಷಣೆಯ ಪರ ಇರುವವರು ಇದಕ್ಕೆ ತಣ್ಣಗೆ ಉತ್ತರಿಸುತ್ತಾರೆ: ದೀಪ ನಮ್ಮ ಉಪಾಯಗಳಲ್ಲೆಲ್ಲ ಒರಟಾದದ್ದು, ಅದೊಂದನ್ನು ಹಿಡಿದು ಎಲ್ಲವನ್ನೂ ಅಳೆಯಬೇಡಿ. ಗಾಳಿ ಬೀಸದ, ಮೋಡವಿಲ್ಲದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಹತ್ತಿಪ್ಪತ್ತು ಮೀಟರ್ ಮೇಲಿನ ಗಾಳಿ ಮಾತ್ರ ಇನ್ನೂ ಬೆಚ್ಚಗಿರುತ್ತದೆ. ಹತ್ತು ಮೀಟರ್ ಎತ್ತರದ ಕಂಬದ ಮೇಲೆ ಕೂರಿಸಿದ ದೊಡ್ಡ ರೆಕ್ಕೆಯ ಗಾಳಿಯಂತ್ರ ಆ ಬೆಚ್ಚನೆಯ ಗಾಳಿಯನ್ನು ಕೆಳಗಿನದರೊಂದಿಗೆ ಬೆರೆಸುತ್ತದೆ. ಒಂದು ಯಂತ್ರ ನಾಲ್ಕೈದು ಹೆಕ್ಟೇರ್ ಕಾಯುತ್ತದೆ. ಅಷ್ಟೇ ಜಾಗಕ್ಕೆ ದೀಪ ಹಚ್ಚಿದರೆ ಸುಡುವ ಮೇಣದ ಮುಂದೆ ಅದು ಕುಡಿಯುವ ಇಂಧನ ಏನೇನೂ ಅಲ್ಲ. (ಫ್ರಾನ್ಸಿನ ರೈತರು ಬಹುಕಾಲ ಮೊಗ್ಗು ಸುಡುವ ದೋಷವನ್ನು ಏಪ್ರಿಲ್ ಚಂದ್ರನ ಮೇಲೆ ಹೊರಿಸಿದ್ದರು. ಹದಿನೆಂಟನೆಯ ಲೂಯಿ ದೊರೆ ಈ ಚಂದ್ರನ ಗುಟ್ಟೇನೆಂದು ಕೇಳಿದಾಗ ಮಹಾಗಣಿತಜ್ಞ ಲಾಪ್ಲಾಸ್ ತಬ್ಬಿಬ್ಬಾದರಂತೆ. ತಪ್ಪು ಚಂದ್ರನದಲ್ಲ, ಚಂದ್ರ ಕಾಣುವಷ್ಟು ನಿರ್ಮಲವಾದ ಆಕಾಶದ್ದು ಎಂದು ಬಿಡಿಸಿ ಹೇಳಿದವರು ಖಗೋಳವಿಜ್ಞಾನಿ ಅರಾಗೊ.)

ನೀರಿನ ಉಪಾಯ ಇನ್ನೂ ಸೊಗಸಾದದ್ದು. ಒಂದು ಲೀಟರ್ ನೀರು ಹೆಪ್ಪುಗಟ್ಟುವಾಗ ಸುಮಾರು 334 ಕಿಲೋಜೌಲ್ ಶಾಖ ಬಿಡುತ್ತದೆ. ಇಟಲಿಯ ದಕ್ಷಿಣ ಟಿರೋಲ್‌ನ ಸೇಬಿನ ತೋಟಗಳಲ್ಲಿ, ಸ್ವಿಟ್ಜರ್ಲೆಂಡಿನ ವಲೆ ಪ್ರಾಂತ್ಯದಲ್ಲಿ ಮರದ ಮೇಲಿಂದ ಸ್ಪ್ರಿಂಕ್ಲರ್ ಬಿಟ್ಟು ಹೂವನ್ನು ಮಂಜುಗಡ್ಡೆಯೊಳಗೇ ಕಾಪಿಡುತ್ತಾರೆ. ಹೊರಗೆ ನೀರು ಹೆಪ್ಪುಗಟ್ಟುತ್ತಲೇ ಇರುವವರೆಗೆ ಒಳಗಿನ ಹೂ ಸೊನ್ನೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಟಾರ್ಚ್ ಹಿಡಿದು ಸಾಲುಗಳಲ್ಲಿ ಓಡಾಡುವ ಬೆಳೆಗಾರ ನೋಡುವುದು ಗಡ್ಡೆಯ ಬಣ್ಣವನ್ನು. ಗಾಜಿನಂತೆ ತಿಳಿಯಾಗಿ, ತುದಿಯಲ್ಲಿ ಹನಿ ತೊಟ್ಟಿಕ್ಕುತ್ತಿದ್ದರೆ ನೀರು ಸಾಕಷ್ಟಿದೆ. ಹಾಲಿನ ಹಾಗೆ ಮಬ್ಬಾಗಿ ಬೆಳ್ಳಗಾಗಿದ್ದರೆ ನೀರು ಸಾಲುತ್ತಿಲ್ಲ, ಒಳಗಿನ ಹೂ ಅಪಾಯದಲ್ಲಿದೆ. ಸರಿಯಾಗಿ ನಡೆದರೆ ಮೈನಸ್ ಆರರ ಚಳಿಯನ್ನೂ ಇದು ತಡೆಯಬಲ್ಲದು. ದೀಪಕ್ಕೂ ಗಾಳಿಯಂತ್ರಕ್ಕೂ ಅಷ್ಟು ಸಾಧ್ಯವಾಗುವುದು ಅಪರೂಪ.

ಸರಿಯಾಗಿ ನಡೆದರೆ! ಎದುರು ಪಕ್ಷ ಎತ್ತಿ ಹಿಡಿಯುವುದು ಈ ಷರತ್ತನ್ನೇ. ನೀರು ಹೆಪ್ಪುಗಟ್ಟುವಾಗ ಶಾಖ ಕೊಡುತ್ತದೆ, ಆದರೆ ಆವಿಯಾಗುವಾಗ ಅದರ ಏಳೆಂಟು ಪಟ್ಟು ಶಾಖವನ್ನು ಕಿತ್ತುಕೊಳ್ಳುತ್ತದೆ. ನಡುರಾತ್ರಿ ಪಂಪು ಕೆಟ್ಟರೆ, ಕರೆಂಟು ಹೋದರೆ, ಸೂಸುಬಾಯಿ ಕಟ್ಟಿಕೊಂಡರೆ, ಒದ್ದೆಯಾದ ಹೂ ಒದ್ದೆಯಾಗದ ಹೂವಿಗಿಂತ ಹೆಚ್ಚು ತಣ್ಣಗಾಗಿ ಸಾಯುತ್ತದೆ. ಅರ್ಧಕ್ಕೆ ನಿಂತ ರಕ್ಷಣೆ ರಕ್ಷಣೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಮೇಲಾಗಿ ಗಂಟೆಗೆ ಹೆಕ್ಟೇರಿಗೆ 30ರಿಂದ 40 ಘನ ಮೀಟರ್ ನೀರು ಬೇಕು, ಎಂಟು ಗಂಟೆಗೆ ಸುಮಾರು ಮೂರು ಲಕ್ಷ ಲೀಟರ್. ಒಂದೇ ಕಾಲುವೆಯ ಎಲ್ಲ ತೋಟಗಳೂ ಒಂದೇ ರಾತ್ರಿ, ಒಂದೇ ಹೊತ್ತಿಗೆ ಇಷ್ಟು ನೀರೆತ್ತಬೇಕು. ಏಪ್ರಿಕಾಟ್‌ಗಂತೂ ಇನ್ನೊಂದು ತೊಡಕಿದೆ: ಹೂವಿನ ಕಾಲದಲ್ಲಿ ಒದ್ದೆಯಾಗಿ ನಿಂತರೆ ಶಿಲೀಂಧ್ರವೂ ಬ್ಯಾಕ್ಟೀರಿಯಾದ ಹುಣ್ಣುರೋಗವೂ ಹಿಡಿಯುವ ಭಯ. ಸೇಬಿಗೆ ಒಗ್ಗಿದ ಮದ್ದು ಏಪ್ರಿಕಾಟ್‌ಗೆ ಹಾಗೆಯೇ ಒಗ್ಗುವುದಿಲ್ಲ.

ಹೂವಿಗಾಗಿ ನೀರೆತ್ತುವ ಈ ತಿಕ್ಕಾಟ ಕೊಡಗು, ಚಿಕ್ಕಮಗಳೂರಿನ ಓದುಗರಿಗೆ ಅಪರಿಚಿತವಲ್ಲ. ಹೂಮಳೆ ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವವರು ಹಳ್ಳದ ನೀರಿನ ಲೆಕ್ಕ ಬಲ್ಲರು. ಅಲ್ಲಿ ನೀರು ಹೂವನ್ನು ಅರಳಿಸಲು, ಇಲ್ಲಿ ಅರಳಿದ್ದನ್ನು ಉಳಿಸಲು. ಕೆಳಗಿನ ಊರಿನವರ ಪ್ರಶ್ನೆ ಮಾತ್ರ ಎರಡೂ ಕಡೆ ಒಂದೇ. ಹೆಪ್ಪುಮಂಜಿಗೆ ಬಿಟ್ಟ ನೀರು ಬಹುಪಾಲು ಕರಗಿ ಅದೇ ನೆಲಕ್ಕೆ ಇಂಗುತ್ತದೆ, ಬೇಸಿಗೆಯ ನೀರಾವರಿಯಂತೆ ಆವಿಯಾಗಿ ಹೋಗುವುದಿಲ್ಲ ಎಂದು ಬೆಳೆಗಾರರು ಹೇಳುವುದು ನಿಜ. ಆದರೆ ಫ್ರಾನ್ಸಿನ ದಕ್ಷಿಣ ತುದಿಯ ರೂಸಿಯೋಂ ಸೀಮೆಯಲ್ಲಿ, ಅದೂ ಏಪ್ರಿಕಾಟ್‌ಗೇ ಹೆಸರಾದ ನೆಲ, 2022ರಿಂದ ಬರ ಎಷ್ಟು ಕಾಡಿತೆಂದರೆ ಬೇಸಿಗೆಯಲ್ಲಿ ಮರ ಬದುಕಿಸಲೇ ನೀರಿಗೆ ನಿರ್ಬಂಧ ಬಂತು. ಅಂಥ ಕಡೆ ಏಪ್ರಿಲ್ ರಾತ್ರಿಗೆಂದು ನೀರು ತೆಗೆದಿಡುವುದು ಸುಲಭವಾಗಿ ಒಪ್ಪಿಸಬಹುದಾದ ಬೇಡಿಕೆಯಲ್ಲ.

ಗಾಳಿಯಂತ್ರಕ್ಕೂ ಅದರದೇ ಮಿತಿಯಿದೆ. ಮೇಲೆ ಬೆಚ್ಚನೆಯ ಪದರ ಇದ್ದರೆ ಮಾತ್ರ ಅದರಿಂದ ಉಪಯೋಗ. ಶೀತ ಗಾಳಿಯೇ ಬೀಸುತ್ತ ಬಂದ ರಾತ್ರಿ ಅದು ತಣ್ಣನೆಯ ಗಾಳಿಯನ್ನು ತಣ್ಣನೆಯ ಗಾಳಿಯೊಂದಿಗೆ ಬೆರೆಸುತ್ತದೆ, ಅಷ್ಟೆ. ಹತ್ತಾರು ಸಾವಿರ ಯೂರೋಗಳ ಯಂತ್ರ ವರ್ಷದ ಮುನ್ನೂರ ಅರವತ್ತು ದಿನ ಸುಮ್ಮನೆ ನಿಂತಿರುತ್ತದೆ, ತಿರುಗುವ ಆ ಐದು ರಾತ್ರಿ ಅಕ್ಕಪಕ್ಕದ ಊರಿನವರಿಗೆ ನಿದ್ದೆ ಇಲ್ಲ.

ನಡುವೆ ಪ್ರಯೋಗಾಲಯವೂ ಒಂದು ಉಪಾಯ ತಂದಿತ್ತು. ಎಲೆಯ ಮೇಲೆ ಬದುಕುವ ಸ್ಯೂಡೋಮೊನಾಸ್ ಸಿರಿಂಜೆ ಎಂಬ ಬ್ಯಾಕ್ಟೀರಿಯಾ ಮಂಜುಗಡ್ಡೆಯ ಹರಳು ಬೇಗ ಕಟ್ಟಲು ನೆರವಾಗುತ್ತದೆ. ಆ ಗುಣ ತೆಗೆದುಹಾಕಿದ ತಳಿಯನ್ನು ವಿಜ್ಞಾನಿ ಸ್ಟೀವನ್ ಲಿಂಡೋ ಮತ್ತು ಸಂಗಡಿಗರು ರೂಪಿಸಿದರು. 1987ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲದಲ್ಲಿ ಅದನ್ನು ಸಿಂಪಡಿಸಿದ್ದು ಅನುಮತಿ ಪಡೆದು ಕುಲಾಂತರಿ ಜೀವಿಯನ್ನು ಬಯಲಿಗೆ ಬಿಟ್ಟ ಮೊದಲ ಪ್ರಯೋಗಗಳಲ್ಲೊಂದು. ವಿರೋಧಿಗಳು ಹೊಲಕ್ಕೆ ನುಗ್ಗಿ ಗಿಡ ಕಿತ್ತರು. ಉಪಾಯ ತೋಟಗಾರರ ಕೈಗೆ ಬರಲೇ ಇಲ್ಲ.

ನಿಜವಾದ ಜಗಳ ಇರುವುದು ಯಂತ್ರಗಳ ಬಗ್ಗೆ ಅಲ್ಲ, ಮರಗಳ ಬಗ್ಗೆ. ಎದುರು ಪಕ್ಷದ ಗಟ್ಟಿ ವಾದ ಹೀಗಿದೆ: ತಣ್ಣನೆಯ ಗಾಳಿ ಭಾರವಾದದ್ದು, ನೀರಿನಂತೆ ಇಳಿಜಾರು ಹಿಡಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಇದು ಬೆಳೆಗಾರರಿಗೆ ತಲೆಮಾರುಗಳಿಂದ ಗೊತ್ತು. ಹಳೆಯ ತೋಟಗಳು ಇಳಿಜಾರಿನ ನಡುಮೈಯಲ್ಲಿ ಇದ್ದದ್ದು ಅದಕ್ಕೇ. ಟ್ರ್ಯಾಕ್ಟರ್ ಓಡಿಸಲು, ನೀರು ಹರಿಸಲು ಸಲೀಸೆಂದು ಸಮತಟ್ಟಾದ ಕಣಿವೆಗೆ ತೋಟ ಇಳಿಸಿದವರು ನಾವೇ, ಬೇಗ ಮಾಗಿ ಹೆಚ್ಚು ಬೆಲೆ ತರುತ್ತದೆಂದು ಬೇಗ ಹೂ ಬಿಡುವ ತಳಿ ಹಾಕಿದವರೂ ನಾವೇ. ಈಗ ಆ ಎರಡು ಆಯ್ಕೆಗಳ ಅಪಾಯವನ್ನು ಸಾರ್ವಜನಿಕರ ಹಣದಲ್ಲಿ ಕೊಂಡ ಫ್ಯಾನುಗಳಿಂದ ಮುಚ್ಚಿಕೊಂಡರೆ, ಮುಂದಿನ ತೋಟವೂ ಅದೇ ತಗ್ಗಿನಲ್ಲಿ ಏಳುತ್ತದೆ. ಲಿಯೋಂ ಬಳಿ ಹುಟ್ಟಿದ ಬೆರ್ಜರೋಂ ಎಂಬ ಹಳೆಯ ಏಪ್ರಿಕಾಟ್ ತಳಿ ಇಂದಿನ ಹಲವು ತಳಿಗಳಿಗಿಂತ ತಡವಾಗಿ ಹೂ ಬಿಡುತ್ತದೆ. ಹೂವನ್ನು ಕೆಲವು ದಿನ ಹಿಂದೆ ತಳ್ಳುವುದು ಬೇರೆ ರೀತಿಯಲ್ಲೂ ಸಾಧ್ಯ. ಅಮೆರಿಕದ ಯೂಟಾದಲ್ಲಿ 1970ರ ದಶಕದಲ್ಲಿ ಚಳಿಗಾಲದ ಕೊನೆಗೆ ಮರಕ್ಕೆ ಆಗಾಗ ತುಂತುರು ಹನಿಸಿ, ಮೊಗ್ಗನ್ನು ತಣ್ಣಗಿಟ್ಟು, ಹೂ ಅರಳುವುದನ್ನು ಎರಡು ವಾರದವರೆಗೂ ಮುಂದೂಡಿ ತೋರಿಸಿದ್ದರು.

ಇದಕ್ಕೆ ಇನ್ನೊಂದು ಸಣ್ಣ, ಆದರೆ ಮುಖ್ಯವಾದ ಮಾತನ್ನೂ ಅವರು ಸೇರಿಸುತ್ತಾರೆ. ಮರ ತನಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಹೂ ಬಿಡುತ್ತದೆ. ಹುಲುಸಾಗಿ ಹೂ ಬಿಟ್ಟ ಸೇಬಿನ ಮರದಲ್ಲಿ ನೂರಕ್ಕೆ ಐದರಿಂದ ಹತ್ತು ಹೂ ಕಾಯಾದರೂ ಪೂರ್ತಿ ಫಸಲೇ. ಉಳಿದ ಮಿಡಿಯನ್ನು ಬೆಳೆಗಾರನೇ ಕೂಲಿ ಕೊಟ್ಟು ಕಿತ್ತು ಹಾಕುತ್ತಾನೆ. ಹಾಗಾಗಿ ಹೂ ಸತ್ತ ಲೆಕ್ಕವೂ ಹಣ್ಣಿನ ನಷ್ಟದ ಲೆಕ್ಕವೂ ಒಂದೇ ಅಲ್ಲ. ಸಾಧಾರಣ ಹೆಪ್ಪುಮಂಜಿನ ರಾತ್ರಿಗಳಲ್ಲಿ ಗಾಬರಿಗೆ ದೀಪ ಹಚ್ಚುವುದೆಷ್ಟು, ನಿಜವಾದ ಅಗತ್ಯಕ್ಕೆ ಹಚ್ಚುವುದೆಷ್ಟು ಎಂದು ಅವರು ಕೇಳುವುದರಲ್ಲಿ ಅರ್ಥವಿದೆ. ಆದರೆ ಮೈನಸ್ ಐದರ ರಾತ್ರಿಯಲ್ಲಿ ಈ ಪ್ರಶ್ನೆಗೆ ಬೆಲೆಯಿಲ್ಲ.

ಮರ ಬದಲಿಸಿ ಎನ್ನುವುದು ಬಾಯಲ್ಲಿ ಹೇಳುವಷ್ಟು ಸುಲಭವಲ್ಲ ಎಂಬ ಮರುವಾದವೂ ಅಷ್ಟೇ ಗಟ್ಟಿ. ತಡವಾಗಿ ಹೂ ಬಿಡುವ ತಳಿಗಳಲ್ಲಿ ಹಲವಕ್ಕೆ ಚಳಿಗಾಲದ ತಂಪು ಹೆಚ್ಚು ಗಂಟೆ ಬೇಕು. ಚಳಿಗಾಲವೇ ಬೆಚ್ಚಗಾಗುತ್ತಿರುವಾಗ ಆ ಗಂಟೆ ತುಂಬದೆ ಮೊಗ್ಗು ಉದುರುತ್ತದೆ, ಹೂ ಒಂದೇ ಹದವಾಗಿ ಬರುವುದಿಲ್ಲ. ಏಪ್ರಿಕಾಟ್ ಈ ವಿಷಯದಲ್ಲಿ ವಿಶೇಷವಾಗಿ ಮುನಿಸಿನ ಮರ. ಅಂದರೆ ಏಪ್ರಿಲ್ ಚಳಿಯಿಂದ ತಪ್ಪಿಸಿಕೊಳ್ಳಲು ಹೋಗಿ ಜನವರಿಯ ಸೆಕೆಗೆ ಸಿಕ್ಕಿಬೀಳುವ ಸಾಧ್ಯತೆ ಇದೆ. ಇನ್ನು ಮರದ ಆಯಸ್ಸು: ಏಪ್ರಿಕಾಟ್ ತೋಟ ಹದಿನೈದು, ಇಪ್ಪತ್ತು ವರ್ಷ ಫಲ ಕೊಡುತ್ತದೆ. ನೆಟ್ಟ ಮೂರ್ನಾಲ್ಕು ವರ್ಷ ಆದಾಯವಿಲ್ಲ. ಆರನೇ ವರ್ಷದ ತೋಟ ಕಿತ್ತು ಬೇರೆ ತಳಿ ಹಾಕಿ ಎಂದು ಸಾಲ ತೀರಿಸುತ್ತಿರುವವನಿಗೆ ಹೇಳುವುದು ಸಲಹೆಯಂತೆ ಕೇಳಿಸಲಾರದು. ಇಳಿಜಾರಿನ ಒಳ್ಳೆಯ ಭೂಮಿ ಎಲ್ಲರಿಗೂ ಇಲ್ಲ, ಇರುವಲ್ಲಿ ಮನೆಗಳೆದ್ದಿವೆ.

ಜಾಗ ಚೆನ್ನಾಗಿದ್ದರೂ ಪಾರಾಗುವ ಭರವಸೆ ಇಲ್ಲ ಎಂಬುದಕ್ಕೆ ರಕ್ಷಣೆಯ ಪರ ಇರುವವರು ಅಮೆರಿಕದ ಮಿಷಿಗನ್ನಿನತ್ತ ಕೈತೋರುತ್ತಾರೆ. ಅಲ್ಲಿ ಚೆರಿ ತೋಟಗಳಿರುವುದು ಮಹಾಸರೋವರದ ದಂಡೆಯಲ್ಲಿ. ವಸಂತದಲ್ಲಿ ಸರೋವರದ ತಣ್ಣನೆಯ ನೀರು ಹೂವನ್ನು ತಡಮಾಡಿಸುತ್ತದೆ, ಅದಕ್ಕೆಂದೇ ಆ ಸೀಮೆಯನ್ನು ಆರಿಸಿಕೊಂಡದ್ದು. 2012ರ ಮಾರ್ಚ್‌ನ ಅಸಾಧಾರಣ ಸೆಕೆಗೆ ಸರೋವರವೂ ಸೋತಿತು. ಮರಗಳು ವಾರಗಟ್ಟಲೆ ಮುಂಚೆ ಚಿಗುರಿದವು, ಏಪ್ರಿಲ್‌ನಲ್ಲಿ ಒಂದರ ಹಿಂದೊಂದು ಹೆಪ್ಪುಮಂಜು ಬಿತ್ತು, ಹುಳಿ ಚೆರಿಯ ಫಸಲಿನಲ್ಲಿ ನೂರಕ್ಕೆ ತೊಂಬತ್ತರಷ್ಟು ಹೋಯಿತು.

ಮರ ಬದಲಿಸಿದರೆ ಏನಾಗುತ್ತದೆ ಎಂದು ನೋಡಲು ಕಾಶ್ಮೀರವಿದೆ. ಮಾರ್ಚ್‌ನಲ್ಲೇ ಅರಳುವ ಬಾದಾಮಿ ಅಲ್ಲಿನ ಕರೇವಾ ದಿಣ್ಣೆಗಳ ಹಳೆಯ ಮರ. ಹೂವಿನ ಕಾಲದ ಹುಚ್ಚು ಹವೆ, ಕ್ಯಾಲಿಫೋರ್ನಿಯಾ ಬಾದಾಮಿಯ ಪೈಪೋಟಿ, ನೀರಾವರಿ ಇಲ್ಲದಿರುವುದು, ಹೀಗೆ ಹಲವು ಕಾರಣ ಕೂಡಿ ಎಷ್ಟೋ ಜನ ಬಾದಾಮಿ ಕಡಿದು ದಟ್ಟ ಸಾಲಿನ ಸೇಬು ಹಾಕಿದರು. ಆದಾಯದ ದೃಷ್ಟಿಯಿಂದ ತಪ್ಪೆನ್ನಲಾಗದು. ಆದರೆ ಮಳೆ ನೀರಲ್ಲೇ ಬದುಕುತ್ತಿದ್ದ ಮರ ಹೋಗಿ, ಹನಿ ನೀರಾವರಿ, ತಂತಿಯ ಆಸರೆ, ಆಲಿಕಲ್ಲಿನ ಬಲೆ ಬೇಡುವ ಮರ ಬಂತು. ಒಂದು ಅಪಾಯ ಕಳೆದು ಮೂರು ಖರ್ಚು ಬಂದವು ಎಂದು ದೂರುವವರೂ ಇದ್ದಾರೆ. ಲಡಾಖ್‌ನ ಕಥೆ ಮತ್ತೂ ಬೇರೆ. ಭೌಗೋಳಿಕ ಸೂಚಿಕೆ ಪಡೆದಿರುವ ರಕ್ತ್ಸೆ ಕಾರ್ಪೊ ಏಪ್ರಿಕಾಟ್ ಅಲ್ಲಿ ಮನೆಯ ಸುತ್ತಲಿನ ಕೆಲವೇ ಮರಗಳ ಬೆಳೆ, ಏಪ್ರಿಲ್‌ನಲ್ಲಿ ಅರಳುತ್ತದೆ. ಹತ್ತು ಮರದ ಮನೆಗೆ ಗಾಳಿಯಂತ್ರದ ಮಾತೇ ಹೊಂದುವುದಿಲ್ಲ. ಮೇಲಿನ ಚರ್ಚೆಯೆಲ್ಲ ಬಂಡವಾಳ ಇರುವ ತೋಟಗಳದು ಎಂಬುದನ್ನು ಮರೆಯಬಾರದು.

ಹವಾಮಾನ ಬದಲಾವಣೆಯ ವಿಷಯಕ್ಕೆ ಬಂದರೆ ಎರಡೂ ಕಡೆಯವರು ಒಂದೇ ಅಧ್ಯಯನವನ್ನು ಹಿಡಿದು ಎದುರುಬದುರು ತೀರ್ಮಾನಕ್ಕೆ ಬರುವುದು ಕುತೂಹಲದ ಸಂಗತಿ. 2021ರ ಘಟನೆಯನ್ನು ಪರಿಶೀಲಿಸಿದ ವಿಜ್ಞಾನಿಗಳು ಮಧ್ಯ ಫ್ರಾನ್ಸಿನ ದ್ರಾಕ್ಷಿ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಎರಡು ಮಾತು ಹೇಳಿದರು. ಭೂಮಿ ಬಿಸಿಯಾಗಿರುವುದರಿಂದ ಏಪ್ರಿಲ್ ಚಳಿಯ ತೀವ್ರತೆ ಹಿಂದಿಗಿಂತ ಕಡಿಮೆಯಾಗಿದೆ. ಆದರೆ ಬೆಚ್ಚನೆಯ ಮಾರ್ಚ್ ಗಿಡವನ್ನು ಬೇಗ ಎಬ್ಬಿಸುವುದರಿಂದ, ಚಿಗುರಿದ ಮೇಲೆ ಅಂಥ ಹೆಪ್ಪುಮಂಜಿಗೆ ಸಿಗುವ ಸಂಭವ ಸುಮಾರು ಶೇ. 60ರಷ್ಟು ಹೆಚ್ಚಿದೆ. ಅಪಾಯ ಹೆಚ್ಚುತ್ತಿದೆ, ಆದ್ದರಿಂದ ಯಂತ್ರ ಬೇಕು ಎನ್ನುತ್ತಾರೆ ಒಬ್ಬರು. ಅಪಾಯ ಹುಟ್ಟುವುದು ಬೇಗ ಏಳುವ ಗಿಡದಿಂದ, ಆದ್ದರಿಂದ ಗಿಡ ಬದಲಿಸಿ ಎನ್ನುತ್ತಾರೆ ಇನ್ನೊಬ್ಬರು. ಅಧ್ಯಯನ ಇಬ್ಬರನ್ನೂ ಅಲ್ಲಗಳೆಯುವುದಿಲ್ಲ.

ಕೊನೆಗೆ ಹಣದ ಹಂಚಿಕೆ. 2021ರಲ್ಲಿ ಫ್ರಾನ್ಸಿನ ಹಣ್ಣಿನ ತೋಟಗಳಲ್ಲಿ ವಿಮೆ ಇದ್ದದ್ದು ತೀರಾ ಅಲ್ಪ ಭಾಗಕ್ಕೆ. 2022ರ ಮಾರ್ಚ್‌ನಲ್ಲಿ ಹೊಸ ಕಾಯ್ದೆ ಬಂತು, 2023ರಿಂದ ಜಾರಿಯಾಯಿತು: ಸಣ್ಣ ನಷ್ಟ ಬೆಳೆಗಾರನದು, ನಡುವಿನದು ಸಹಾಯಧನವಿರುವ ವಿಮೆಯದು, ದೊಡ್ಡದು ಸರ್ಕಾರದ್ದು. ವಿಮೆ ಮಾಡಿಸದವನಿಗೆ ಸರ್ಕಾರದ ಪರಿಹಾರವೂ ಕಡಿಮೆ. ನಷ್ಟ ಒಪ್ಪಿಕೊಳ್ಳಿ ಎನ್ನುವವರಿಗೆ ಇದು ನ್ಯಾಯವಾದ ಏರ್ಪಾಡಾಗಿ ಕಾಣುತ್ತದೆ. ಬೆಳೆಗಾರರು ತೋರಿಸುವ ಹುಳುಕು ಬೇರೆ: ಪರಿಹಾರದ ಲೆಕ್ಕ ಹಿಂದಿನ ಕೆಲವು ವರ್ಷಗಳ ಸರಾಸರಿ ಇಳುವರಿಯ ಮೇಲೆ. ಮೇಲಿಂದ ಮೇಲೆ ಹೆಪ್ಪುಮಂಜು ಬಿದ್ದರೆ ಸರಾಸರಿಯೇ ಇಳಿಯುತ್ತದೆ, ಯಾವಾಗ ವಿಮೆ ಹೆಚ್ಚು ಬೇಕೋ ಆಗಲೇ ಅದು ಕಡಿಮೆ ಕೊಡುತ್ತದೆ. ಅಲ್ಲದೆ ವಿಮೆಯ ಚೆಕ್ಕಿನಿಂದ ಹಣ್ಣು ಕೀಳುವ ಕೂಲಿಗೆ ಕೆಲಸ ಹುಟ್ಟುವುದಿಲ್ಲ.

ಇಷ್ಟನ್ನು ತೂಗಿದ ಮೇಲೆ ಎರಡರಲ್ಲಿ ಒಂದನ್ನು ಪೂರ್ತಿ ಆರಿಸುವುದು ನನಗೆ ಸರಿಯೆನಿಸುವುದಿಲ್ಲ. ಒಂದು ಪಕ್ಷ ಈಗಾಗಲೇ ನಿಂತಿರುವ ಮರದ ಬಗ್ಗೆ ಮಾತಾಡುತ್ತಿದೆ, ಇನ್ನೊಂದು ಇನ್ನೂ ನೆಡಬೇಕಾದ ಮರದ ಬಗ್ಗೆ. ಆ ಮಟ್ಟಿಗೆ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ಸರಿಯಿರಬಹುದು. ಮಧ್ಯಮ ದಾರಿಯೊಂದು ಇದ್ದರೆ ಅದು ತೋಟದ ವಯಸ್ಸನ್ನೂ ನೆಲದ ಏರಿಳಿತವನ್ನೂ ನೋಡಿ ನಡೆಯಬೇಕು. ಫಲಕ್ಕೆ ಬಂದ, ಇನ್ನೂ ಹತ್ತಾರು ವರ್ಷ ಆಯಸ್ಸಿರುವ ತೋಟದಲ್ಲಿ, ಮೇಲೆ ಬೆಚ್ಚನೆಯ ಪದರ ಕಟ್ಟುವುದು ಅಳತೆಯಿಂದ ಗೊತ್ತಾಗಿರುವ ಕಡೆ, ನಾಲ್ಕಾರು ಬೆಳೆಗಾರರು ಕೂಡಿ ಕೊಳ್ಳುವ ಗಾಳಿಯಂತ್ರಕ್ಕೆ ಸಹಾಯಧನ ಕೊಡುವುದು ಸಮಂಜಸ. ನೀರು ನಿಜವಾಗಿ ಇರುವಲ್ಲಿ, ಸೇಬಿನಂಥ ಮರಕ್ಕೆ ಸ್ಪ್ರಿಂಕ್ಲರ್ ಸಹ. ದೀಪವನ್ನು ನಿಷೇಧಿಸುವುದು ಅತಿಯಾದೀತು, ಆದರೆ ಪ್ರತಿ ವರ್ಷ ಸಾರ್ವಜನಿಕ ಹಣದಲ್ಲಿ ಅದನ್ನು ಕೊಡಿಸುವುದಕ್ಕೆ ಕಾರಣ ಕಾಣುವುದಿಲ್ಲ. ಒದ್ದೆ ಹುಲ್ಲು ಸುಡುವುದಂತೂ ನಿಲ್ಲಲಿ.

ಹೊಸದಾಗಿ ನೆಡುವವರ ವಿಷಯದಲ್ಲಿ ತಕ್ಕಡಿ ಎದುರು ಪಕ್ಷದ ಕಡೆ ವಾಲಬೇಕೆಂದು ತೋರುತ್ತದೆ. ಚಳಿ ಮಡುಗಟ್ಟುವ ತಗ್ಗೆಂದು ಗೊತ್ತಿರುವಲ್ಲಿ ಬೇಗ ಹೂ ಬಿಡುವ ತಳಿ ಹಾಕಲು ಯಾರ ಅಡ್ಡಿಯೂ ಬೇಡ, ಆದರೆ ಅದಕ್ಕೆ ಸಹಾಯಧನವೂ ಬೇಡ. ಒಂದೇ ತೋಟದಲ್ಲಿ ಹೂವಿನ ಕಾಲ ಬೇರೆಬೇರೆ ಇರುವ ಎರಡು ಮೂರು ತಳಿ ಹಾಕುವವರಿಗೆ ವಿಮೆಯ ಕಂತು ಇಳಿಸಬಹುದು. ಒಂದೇ ತಳಿಯನ್ನು ನೆಚ್ಚಿಕೊಂಡು ಚಳಿಗಾಲದ ಸೆಕೆಗೆ ಸಿಕ್ಕಿಬೀಳುವ ಭಯಕ್ಕೂ ಅದು ಅಷ್ಟಿಷ್ಟು ಉತ್ತರ. ಈ ಹಂಚಿಕೆಯಲ್ಲಿ ಎರಡೂ ಕಡೆಗೆ ಸೇರದೆ ಉಳಿಯುವವನು ತಗ್ಗಿನಲ್ಲಿ ಏಳೆಂಟು ವರ್ಷದ ತೋಟ ಇಟ್ಟುಕೊಂಡವನು. ಫ್ಯಾನು ಹಾಕಿದರೆ ತಪ್ಪು ಜಾಗಕ್ಕೆ ಇನ್ನಷ್ಟು ಹಣ ಸುರಿದಂತೆ, ಕಿತ್ತು ಹಾಕಿದರೆ ಸಾಲ ಉಳಿಯುತ್ತದೆ. ಮರ ಕೀಳಲು ಮುಂದಾದರೆ ಹೊಸ ಗಿಡ ಫಲಕ್ಕೆ ಬರುವ ಮೂರ್ನಾಲ್ಕು ವರ್ಷದ ಆದಾಯದಲ್ಲಿ ಒಂದು ಪಾಲನ್ನು ಅವನಿಗೆ ಕೊಡುವ ಯೋಜನೆಗೆ ದುಬಾರಿಯೆಂಬ ಆಕ್ಷೇಪ ಬಂದೇ ಬರುತ್ತದೆ. ಆ ಖರ್ಚನ್ನು 2021ರ ನೂರು ಕೋಟಿಯ ಪಕ್ಕದಲ್ಲಿಟ್ಟು ನೋಡುವುದು ಅಗತ್ಯ.